ಬಾಯಲ್ಲಿ ಹತ್ತಿ, ಫೋನಿನಲ್ಲಿ ಅಕ್ಕ

ಹಲ್ಲು ಕೀಳಿಸಿಕೊಂಡ ನನ್ನ ಹೆಂಡತಿಗೆ ರಕ್ತ ನಿಲ್ಲದೇ ಹೋಗಬಹುದಿತ್ತು. ಮರಗಟ್ಟಿಸುವ ಇಂಜೆಕ್ಷನ್ ಮೈಗೊಗ್ಗದೆ ಅವಳು ಕುರ್ಚಿಯಲ್ಲೇ ಎಚ್ಚರ ತಪ್ಪಬಹುದಿತ್ತು. ಹುಳುಕು ಹಲ್ಲನ್ನು ಬಿಟ್ಟು ಪಕ್ಕದ್ದನ್ನು ಕೀಳಬಹುದಿತ್ತು. ತುಟಿ ಸೊಟ್ಟಗಾಗಿ ಹಾಗೇ ಉಳಿಯಬಹುದಿತ್ತು. ಮಣಿಪಾಲದ ಇಳಿಜಾರಿನಲ್ಲಿ ನಮ್ಮ ಹಳೆಯ ಕಾರಿನ ಬ್ರೇಕ್ ಕೈಕೊಡಬಹುದಿತ್ತು. ಎಲ್ಲದಕ್ಕಿಂತ ಕೆಟ್ಟದ್ದೆಂದರೆ, ಕಾರ್ಕಳದ ಹತ್ತಿರದ ಕುಕ್ಕುಂದೂರಿನಿಂದ ಅವಳ ಅಕ್ಕ ಬಂದುಬಿಡಬಹುದಿತ್ತು.

ನನ್ನ ಹೆಂಡತಿಗೂ ಅವಳ ಅಕ್ಕನಿಗೂ ಟೆಲಿಪತಿ ಉಂಟು ಎಂಬುದು ನನ್ನ ಬಹುಕಾಲದ ಅನುಮಾನ. ಇವಳು ಕಾಪುವಿನ ನಮ್ಮ ಮನೆಯಲ್ಲಿ ಮುಖ ಸಣ್ಣದು ಮಾಡಿದರೆ ಸಾಕು, ಅಲ್ಲಿಂದ ಫೋನ್ ಬರುತ್ತದೆ. “ಟೆಲಿಪತಿಯೂ ಇಲ್ಲ, ಎಂತದೂ ಇಲ್ಲ ಮಾರಾಯ್ರೆ. ಬೆಳಿಗ್ಗೆ ನನ್ನ ಸ್ವರ ಕೇಳಿದ್ರೆ ಅಕ್ಕನಿಗೆ ಗೊತ್ತಾಗ್ತದೆ” ಎನ್ನುತ್ತಾಳೆ. ಇಪ್ಪತ್ತೆರಡು ವರ್ಷಗಳಿಂದ ಅದೇ ಸ್ವರ ಕೇಳುತ್ತಿರುವವನು ನಾನು. ಆಫೀಸಿನಲ್ಲಿ ಭಾವನಾತ್ಮಕ ಬುದ್ಧಿವಂತಿಕೆಯ ಬಗ್ಗೆ ಅರ್ಧ ದಿನದ ತರಬೇತಿ ಮುಗಿಸಿ ಸರ್ಟಿಫಿಕೇಟ್ ತಂದವನೂ ನಾನೇ.

ಹಾಗಾಗಿ ಹಲ್ಲು ಕಿತ್ತ ಡಾಕ್ಟರು ಬಾಯಿಗೆ ಹತ್ತಿಯಿಟ್ಟು, ಒಂದು ಗಂಟೆ ಮಾತಾಡಬಾರದು ಎಂದಾಗ ನನಗೆ ಒಳಗೊಳಗೇ ಖುಷಿಯಾಯಿತು. ಹೇಳದೆಯೇ ಅರ್ಥ ಮಾಡಿಕೊಳ್ಳುವ ಸರದಿ ಇವತ್ತು ನನ್ನದು.

ಮಣಿಪಾಲದಿಂದ ಮನೆಗೆ ಹೊರಟು ಉಡುಪಿ ದಾಟುವಾಗ ಅವಳು ನನ್ನ ಮೊಣಕೈ ತಟ್ಟಿದಳು. “ಚಳಿಯಾ?” ಎಂದವನು ಉತ್ತರಕ್ಕೂ ಕಾಯದೆ ಎಸಿ ಆರಿಸಿದೆ. ಮತ್ತೆ ತಟ್ಟಿದಳು. ವಾಂತಿಯಿರಬೇಕೆಂದು ಪ್ಲಾಸ್ಟಿಕ್ ಚೀಲ ಕೊಟ್ಟೆ. ಬಾಗಿಲ ಕಡೆ ಕೈ ತೋರಿಸಿದಳು. ಗಾಳಿ ಬೇಕೆಂದು ಗಾಜು ಇಳಿಸಿದೆ; ಮಳೆ ಒಳಗೆ ಬಂತು. ಅವಳು ಕಣ್ಣು ಮುಚ್ಚಿಕೊಂಡಳು.

ಕಟಪಾಡಿ ಹತ್ತಿರ ಅವಳ ಫೋನ್ ರಿಂಗಾಯಿತು. ಅಕ್ಕನೇ. ಇವಳು ಸ್ಪೀಕರ್ ಒತ್ತಿದಳು.

“ಮಾತಾಡಬೇಡ, ಹೂಂ ಅಂದ್ರೆ ಸಾಕು. ನೋವು ಉಂಟಾ?”

“ಊಹೂಂ.”

“ಮತ್ತೆ ಕಾರಲ್ಲಿ ಎಂತಾದ್ರೂ ತೊಂದರೆಯಾ?”

“ಹೂಂ!”

“ಭಾವ, ಅವಳು ಹೇಗೆ ಕೂತಿದ್ದಾಳೆ?”

“ಬಾಗಿಲಿಗೆ ಅಂಟಿಕೊಂಡು, ಅತ್ತಿಗೆ. ನನ್ನ ಮೇಲೆ ಸಿಟ್ಟು.”

“ಸಿಟ್ಟಲ್ಲ ಮಾರಾಯ್ರೆ! ಸೆರಗು ಬಾಗಿಲಿಗೆ ಸಿಕ್ಕಿರಬೇಕು, ನೋಡಿ.”

ಕಾರ್ಕಳದ ಕಡೆ ಕೂತವರಿಗೆ ಕಂಡದ್ದು ಪಕ್ಕದಲ್ಲೇ ಕೂತ ನನಗೆ ಕಂಡಿರಲಿಲ್ಲ. ಹೊಟ್ಟೆ ಉರಿಯಿತು. ಅತ್ತಿಗೆ ಕೇಳಿದ್ದು ಮೂರೇ ಪ್ರಶ್ನೆ. ಕೇಳಿ, ಉತ್ತರಕ್ಕೆ ಕಾದರು, ಅಷ್ಟೆ. ಆದರೂ ಅದನ್ನು ಟೆಲಿಪತಿ ಎಂದುಕೊಳ್ಳುವುದರಲ್ಲೇ ನನ್ನ ಮರ್ಯಾದೆ ಉಳಿಯುತ್ತಿತ್ತು.

ಕಾರು ನಿಲ್ಲಿಸಿ, ಮಳೆಯಲ್ಲಿ ಸುತ್ತಿ ಬಂದು ಅವಳ ಕಡೆಯ ಬಾಗಿಲು ತೆಗೆದೆ. ಮಣಿಪಾಲದಿಂದ ಹೊರಗೇ ಜೋತಾಡುತ್ತ ಬಂದಿದ್ದ ಒಂದು ಗೇಣು ಸೆರಗು, ರಸ್ತೆಯ ಕೆಸರು ಹಿಡಿದು ಕಪ್ಪಾಗಿತ್ತು.