ಬಂಗಾರಪೇಟೆಯಲ್ಲಿ ಕೊಂಡ ಡೈವಿಂಗ್ ಸೆಟ್ಟು

ಬಂಗಾರಪೇಟೆಯಿಂದ ಸಮುದ್ರ ನೋಡಬೇಕೆಂದರೆ ಅತ್ತ ಚೆನ್ನೈಗೆ ಹೋಗಬೇಕು, ಇಲ್ಲವೇ ಇತ್ತ ಘಟ್ಟ ಇಳಿಯಬೇಕು. ನಮ್ಮ ಕಡೆಯ ಕೆರೆಗಳಲ್ಲಿ ಎಷ್ಟೋ ವರ್ಷ ಹುಡುಗರು ಕ್ರಿಕೆಟ್ ಆಡುತ್ತಾರೆ. ಅಂಥ ಊರಿನಲ್ಲಿ, ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಒಬ್ಬ ಮನುಷ್ಯ ನೀರೊಳಗೆ ಉಸಿರಾಡುವ ಸಾಮಾನು ಮಾರುತ್ತಾನೆ ಎಂದು ನನ್ನ ಜೊತೆ ಕೆಲಸ ಮಾಡುವವರೊಬ್ಬರು ಹೇಳಿದಾಗ ನನಗೆ ಖುಷಿಯಾಗಲಿಲ್ಲ. ಎಲ್ಲಿಂದ ಎಗರಿಸಿಕೊಂಡು ಬಂದಿದ್ದಾನೋ ಎಂದುಕೊಂಡೆ.

ಅನುಮಾನ ನನ್ನ ಹುಟ್ಟುಗುಣವೋ ಕಸುಬಿನ ಗುಣವೋ ಹೇಳುವುದು ಕಷ್ಟ. ಬೆಂಗಳೂರಿಗೆ ಓಡಾಡುವ ರೈಲುಗಳಲ್ಲಿ ನಾನು ಟಿಕೆಟ್ ನೋಡುವವಳು. ನನ್ನನ್ನು ಕಂಡಕೂಡಲೇ ಗಾಢ ನಿದ್ದೆಗೆ ಜಾರುವವರು, ಫೋನಿನ ಚಾರ್ಜು ಅದೇ ನಿಮಿಷ ಮುಗಿದುಹೋದವರು, ಒಂದೇ ಅಜ್ಜಿಯನ್ನು ವರ್ಷಕ್ಕೆರಡು ಸಲ ಸಾಯಿಸುವವರು, ಎಲ್ಲರನ್ನೂ ನೋಡಿದ್ದೇನೆ. ಮುಖ ನೋಡಿದರೆ ಸಾಕು, ಜೇಬಿನಲ್ಲಿ ಏನಿದೆ ಏನಿಲ್ಲ ಎಂದು ಹೇಳಬಲ್ಲೆ ಎಂಬ ಜಂಬ ನನಗಿದೆ. ಅಥವಾ ಇತ್ತು.

ಕೆಲವು ವರ್ಷಗಳ ಹಿಂದೆ ಸ್ಟಾಫಿನವರೆಲ್ಲ ಮುರುಡೇಶ್ವರಕ್ಕೆ ಪ್ರವಾಸ ಹೋಗಿದ್ದೆವು. ಅಲ್ಲಿ ದೋಣಿಯಲ್ಲಿ ಕರೆದುಕೊಂಡು ಹೋಗಿ, ಬೆನ್ನಿಗೆ ಸಿಲಿಂಡರ್ ಕಟ್ಟಿ, ನೀರಿಗೆ ಇಳಿಸುತ್ತಾರೆ. ಉಳಿದವರು ದೋಣಿಯಲ್ಲೇ ವಾಂತಿ ಮಾಡಿಕೊಂಡು ಕೂತರು, ನಾನು ಹಟಕ್ಕೆ ಬಿದ್ದು ಇಳಿದೆ. ಕೆಳಗೆ ಒಂದು ಮೀನು ನನ್ನ ಮುಖದ ಮುಂದೆ ಬಂದು ನಿಂತಿತು. ಅದಕ್ಕೆ ನನ್ನಿಂದ ಏನೂ ಬೇಕಿರಲಿಲ್ಲ. ನಾನೂ ಅದರ ಹತ್ತಿರ ಏನೂ ಕೇಳಬೇಕಾಗಿರಲಿಲ್ಲ. ಅಷ್ಟು ನೆಮ್ಮದಿ ನನಗೆ ನೆಲದ ಮೇಲೆ ಸಿಕ್ಕಿದ್ದೇ ಇಲ್ಲ. ಮಾರನೆಯ ವರ್ಷ ರಜೆ ಹಾಕಿ ಹೋಗಿ ಕೋರ್ಸು ಮುಗಿಸಿಕೊಂಡು ಬಂದೆ.

ನೆಮ್ಮದಿ ಕೆಡಿಸಿದ್ದು ಬಾಡಿಗೆ ಸಾಮಾನು. ಮಾಸ್ಕಿನೊಳಗೆ ನೀರು ಜಿನುಗುತ್ತಿತ್ತು. ಬಾಯಲ್ಲಿ ಕಚ್ಚಿಕೊಳ್ಳುವ ರಬ್ಬರಿನ ಮೇಲೆ ಯಾರದೋ ಹಲ್ಲಿನ ಗುರುತು ಇರುತ್ತಿತ್ತು. ಇದನ್ನು ಕಡೆಯ ಸಲ ಯಾವಾಗ ತೊಳೆದಿರಿ, ಯಾರು ರಿಪೇರಿ ಮಾಡಿದರು ಎಂದು ಕೇಳಿದರೆ, ಕಲಿಸುವ ಹುಡುಗ ನಗುತ್ತಾ "ನಂಬಿ ಮೇಡಂ" ಎನ್ನುತ್ತಿದ್ದ. ನಂಬಿ ಎಂದವರನ್ನು ನಂಬುವ ಕಾಲ ನನಗೆ ಎಂದೋ ಮುಗಿದಿದೆ. ನನ್ನದೇ ಒಂದು ಸೆಟ್ಟು ಬೇಕು, ಅದು ನನ್ನ ಬಾಯಿ ಬಿಟ್ಟು ಇನ್ನೊಬ್ಬರ ಬಾಯಿ ಮುಟ್ಟಬಾರದು ಎಂದು ತೀರ್ಮಾನಿಸಿದೆ.

ಅಪ್ಪ ಒಂದು ಷರತ್ತು ಹಾಕಿದ. ಅಪ್ಪನಿಗೆ ಎಪ್ಪತ್ತು ದಾಟಿದೆ. ಕೆ.ಜಿ.ಎಫ್.ನ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ಅದು ಮುಚ್ಚುವ ತನಕ ಕೆಲಸ ಮಾಡಿದವನು, ಕೆಲವು ವರ್ಷ ರೆಸ್ಕ್ಯೂ ಟೀಮಿನಲ್ಲೂ ಇದ್ದ. ಕೆಳಗೆ ಬೆಂಕಿ ಬಿದ್ದರೆ, ಕೆಟ್ಟ ಗಾಳಿ ತುಂಬಿಕೊಂಡರೆ, ಉಸಿರಾಟದ ಸೆಟ್ಟನ್ನು ಮೈಗೆ ಕಟ್ಟಿಕೊಂಡು ಇಳಿಯುತ್ತಿದ್ದವರು ಇವರೇ. ಆ ತಂಡದಲ್ಲಿ ಒಂದು ಕಟ್ಟಳೆ ಇತ್ತಂತೆ. ನಿನ್ನ ಸೆಟ್ಟನ್ನು ನಿನ್ನ ಜೋಡಿಯವನು ಬಾಯಿಗಿಟ್ಟು ಉಸಿರೆಳೆದು ಸರಿ ಎನ್ನಬೇಕು. ಅಲ್ಲಿಯ ತನಕ ಅದನ್ನು ನೀನು ಹಾಕಿಕೊಳ್ಳಬಾರದು.

"ಓಗು, ಬೇಡ ಅನ್ನಲ್ಲ," ಎಂದ ಅಪ್ಪ. "ಆದ್ರೆ ಆ ಉಸ್ರು ಕೊಡೋ ಮಿಷನ್ನು ನಾನು ಎಳ್ದು ನೋಡ್ಬೇಕು. ನಾನು ಸರಿ ಅನ್ನೋಗಂಟ ನೀನು ನೀರಿಗೆ ಇಳೀಬಾರ್ದು."

ನನಗೂ ಅದೇ ಬೇಕಿತ್ತು. ಈ ಪ್ರಪಂಚದಲ್ಲಿ ನಾನು ಮರುಪ್ರಶ್ನೆ ಹಾಕದೆ ನಂಬುವುದು ಅಪ್ಪನೊಬ್ಬನ ಮಾತನ್ನು. ಅವನು ಸರಿ ಎಂದರೆ ಸಮುದ್ರ, ಇಲ್ಲವೆಂದರೆ ಇಲ್ಲ.

ಆ ಹೊತ್ತಿಗೆ ನಾನು ಮಾಸ್ಕೊಂದನ್ನು ಆನ್‌ಲೈನಿನಲ್ಲಿ ತರಿಸಿದ್ದೆ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆದರೆ ಅದು ಕೈ ಬಿಟ್ಟರೂ ಅಂಟಿಕೊಂಡು ನಿಲ್ಲಬೇಕು, ಆಗ ನೀರು ನುಗ್ಗುವುದಿಲ್ಲ ಎಂದರ್ಥ. ಹಾಗೆ ಅಂಟಿಸಿಕೊಂಡು ಕನ್ನಡಿ ಮುಂದೆ ನಿಂತಿದ್ದಾಗ ಪಕ್ಕದ ಮನೆಯವಳು ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದಳು. ನಮ್ಮದು ಕೆ.ಜಿ.ಎಫ್.ನ ಕೋರಮಂಡಲ್ ಬಡಾವಣೆಯಲ್ಲಿ ಗಣಿ ಕೆಲಸಗಾರರಿಗೆ ಕಟ್ಟಿದ ಹಳೇ ಸಾಲುಮನೆಗಳ ಲೈನು, ಗೋಡೆಗಳಿಗೂ ಬಾಗಿಲುಗಳಿಗೂ ಅಂಥ ವ್ಯತ್ಯಾಸವಿಲ್ಲ. ಅವಳು ನನ್ನನ್ನು ನೋಡಿದಳು, ಮಾಸ್ಕನ್ನು ನೋಡಿದಳು, ಧ್ವನಿ ತಗ್ಗಿಸಿದಳು.

"ಅಕ್ಕಾ, ಯಾವ ಶಾಫ್ಟಲ್ಲಿ ಇಳೀತೀಯ?"

ಗಣಿ ಮುಚ್ಚಿದ ಮೇಲೆ ಒಳಗೆಲ್ಲ ನೀರು ತುಂಬಿದೆ. ಆ ನೀರಿನ ಕೆಳಗೆ ಚಿನ್ನ ಇನ್ನೂ ಇದೆ ಎಂಬುದು ನಮ್ಮೂರಿನ ನಂಬಿಕೆ. ಸಮುದ್ರಕ್ಕೆ ಹೋಗುತ್ತೇನೆ, ಮೀನು ನೋಡುತ್ತೇನೆ ಎಂದೆ. ಅವಳು ನಕ್ಕಳು.

"ಮೀನು ನೋಡೋಕೆ ಮಾರ್ಕೆಟ್ಟಿಗೆ ಓದ್ರೆ ಆಗಲ್ವಾ? ಇರ್ಲಿ ಬಿಡು, ನಾನು ಯಾರ್ಗೂ ಏಳಲ್ಲ. ಸಿಕ್ಕಿದ್ರೆ ನಮ್ಮನ್ನ ಮರೀಬೇಡ ಅಷ್ಟೇ."

ಯಾರಿಗೂ ಹೇಳುವುದಿಲ್ಲ ಎಂದವಳು ಸಂಜೆಯೊಳಗೆ ಲೈನಿಗೆಲ್ಲ ಹೇಳಿದ್ದಳು. ಅಲ್ಲಿಂದ ಮುಂದೆ ನಾನು ಬ್ಯಾಗು ಹಿಡಿದು ಹೊರಟರೆ ಕಿಟಕಿಗಳು ತೆರೆದುಕೊಳ್ಳುತ್ತಿದ್ದವು. ದಿನವಿಡೀ ಊರನ್ನೆಲ್ಲ ಅನುಮಾನಿಸುವವಳಿಗೆ ಊರೇ ಸೇರಿ ಅನುಮಾನಿಸುವುದು ಹೇಗಿರುತ್ತದೆಂದು ಆಗ ತಿಳಿಯಿತು. ನನಗದು ಸ್ವಲ್ಪವೂ ಹಿಡಿಸಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅಪ್ಪನನ್ನು ಕರೆದುಕೊಂಡು ಪ್ಯಾಸೆಂಜರ್ ರೈಲಿನಲ್ಲಿ ಬಂಗಾರಪೇಟೆಗೆ ಹೋದೆ. ಮೇಲ್ಸೇತುವೆ ಹತ್ತುವಾಗ ಅಪ್ಪ ನಡುವೆ ನಿಂತು ಕೆಳಗಿನ ಗೂಡ್ಸ್ ಗಾಡಿ ನೋಡಿದ. ಇನ್ನೊಂದಷ್ಟು ಹತ್ತಿ ಮತ್ತೆ ನಿಂತ. ಮಂಡಿ ನೋವು ಎಂದ. ಬೇಗ ಬಾ, ಆ ಮನುಷ್ಯ ಕೈಕೊಟ್ಟು ಹೋದಾನು ಎಂದು ನಾನು ಅವಸರಪಡಿಸಿದೆ.

ಮಾರುವವನು ಐವತ್ತರ ಆಸುಪಾಸಿನವನು. ದುಬೈ ಕಡೆ ಬಂದರಿನಲ್ಲಿ ಹಡಗುಗಳ ತಳ ಉಜ್ಜುವ ಕೆಲಸದಲ್ಲಿದ್ದೆ, ಕಿವಿ ಕೆಟ್ಟು ವಾಪಸ್ ಬಂದೆ, ಈಗ ಬಾವಿಗೆ ಬಿದ್ದ ಮೋಟರು ಎತ್ತಿಕೊಡುತ್ತೇನೆ ಎಂದು ಹೇಳಿಕೊಂಡ. ಯಾವ ಬಂದರು, ಯಾವ ಕಂಪನಿ, ಎಷ್ಟು ವರ್ಷ ಎಂದು ನಾನು ಕೇಳಿದೆ, ಅವನು ಹೇಳಿದ. ಮಾತಿನ ನಡುವೆ ಅದನ್ನೇ ಇನ್ನೊಂದು ಬಗೆಯಲ್ಲಿ ಕೇಳಿದೆ. ಉತ್ತರ ಬದಲಾಗಲಿಲ್ಲ. ಬಾಯಿಪಾಠ ಮಾಡಿದ್ದಾನೆ ಎಂದುಕೊಂಡೆ.

ಹಜಾರದಲ್ಲಿ ಚಾಪೆ ಹಾಸಿ ಸಾಮಾನೆಲ್ಲ ಹರಡಿದ್ದ. ಕಾಲಿಗೆ ಹಾಕುವ ರಬ್ಬರಿನ ರೆಕ್ಕೆಗಳು ಹೊಸದರಂತಿದ್ದವು, ಹಾಗಾಗಿ ಅವನ್ನೂ ಅನುಮಾನಿಸಿದೆ. ಗಾಳಿ ತುಂಬಿದರೆ ತೇಲಿಸುವ ಜಾಕೆಟ್ಟನ್ನು ಊದಿಸಿ, ಪಕ್ಕಕ್ಕಿಟ್ಟು, ಇಳಿಯುತ್ತದೋ ಎಂದು ಕಾದು ಕೂತೆ. ಇಳಿಯಲಿಲ್ಲ. ಆಮೇಲೆ ಅವನು ಮೈಗೆ ಬಿಗಿಯಾಗಿ ಹಾಕುವ ದಪ್ಪ ರಬ್ಬರಿನ ಸೂಟೊಂದನ್ನು ಎತ್ತಿ ಹಿಡಿದ.

"ಇದಿಲ್ದೆ ಆಗಲ್ಲ ಮೇಡಂ. ಕೆಳಕ್ಕೆ ಓದಂಗೆಲ್ಲಾ ಚಳಿ."

ಅಪ್ಪ ಅಲ್ಲಿಯ ತನಕ ಬಾಯಿ ಬಿಟ್ಟಿರಲಿಲ್ಲ. ಈಗ ನಕ್ಕ.

"ಏನಪ್ಪಾ, ಆಳಕ್ಕೆ ಓದ್ರೆ ಚಳೀನಾ? ಯಾರ ಅತ್ರ ಏಳ್ತಾ ಇದೀಯ? ಕೆಳಗೆ ಕಲ್ಲು ಮುಟ್ಟಿದ್ರೆ ಕೈ ಸುಡ್ತಿತ್ತು. ಬರೀ ಚಡ್ಡೀಲಿ ಕೆಲ್ಸ ಮಾಡಿದೀವಿ ನಾವು."

"ಅದು ಗಣಿ ಯಜಮಾನ್ರೇ. ಇದು ಸಮುದ್ರ."

"ಆಳ ಅಂದ್ರೆ ಆಳಾನೇ," ಎಂದ ಅಪ್ಪ.

ಮುರುಡೇಶ್ವರದಲ್ಲಿ ನಾನು ಹಲ್ಲು ಕಟಕಟ ಎನ್ನುವಷ್ಟು ನಡುಗಿದ್ದೆ. ಆದರೂ ಅದು ಹೆದರಿಕೆಯ ನಡುಕವೇ ಇರಬೇಕು ಎಂದು ಆ ಕ್ಷಣ ನನಗೆ ಖಾತ್ರಿಯಾಯಿತು. ಭೂಮಿಯ ಹೊಟ್ಟೆಯನ್ನೇ ಕಂಡುಬಂದವನು ಹೇಳುತ್ತಿರುವಾಗ ಹಡಗು ಉಜ್ಜಿದವನ ಮಾತು ಯಾಕೆ ಕೇಳಲಿ? ಬಿಕರಿಯಾಗದ ಸೂಟನ್ನು ತಳ್ಳಲು ನೋಡುತ್ತಿದ್ದಾನೆ ಎಂದು ತೀರ್ಮಾನಿಸಿ ತೆಳುವಾದದ್ದೊಂದನ್ನು ಆರಿಸಿದೆ. ಅವನು ಹಣೆ ಚಚ್ಚಿಕೊಳ್ಳಲಿಲ್ಲ ಅಷ್ಟೇ.

ಕೊನೆಗೆ ರೆಗ್ಯುಲೇಟರು. ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿಯನ್ನು ನಮಗೆ ಬೇಕಾದಷ್ಟು ಮಾತ್ರ ಬಾಯಿಗೆ ತಲುಪಿಸುವ ಸಾಧನ ಅದು. ಉಳಿದದ್ದೆಲ್ಲ ಅಲಂಕಾರ, ಜೀವ ಇರುವುದು ಇದರಲ್ಲಿ. ಎಳೆದಾಗ ಮಾತ್ರ ಗಾಳಿ ಕೊಡುತ್ತದೆ, ಎಳೆಯುವ ಕೆಲಸ ನಮ್ಮದೇ. ಅವನು ಸಿಲಿಂಡರಿಗೆ ಜೋಡಿಸಿ, ತಾನೇ ಮೊದಲು ಉಸಿರೆಳೆದು ತೋರಿಸಿದ. ರಬ್ಬರು ತೊಳೆದು ನನಗೆ ಕೊಟ್ಟ. ನನಗೆ ಸಲೀಸಾಗಿ ಬಂತು. ಆದರೆ ನನ್ನ ಸಲೀಸಿಗೆ ಏನು ಬೆಲೆ, ನಾನು ನಿನ್ನೆ ಮೊನ್ನೆ ಕಲಿತವಳು. ಅಪ್ಪನಿಗೆ ಕೊಟ್ಟೆ.

ಅಪ್ಪ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದ. ಎರಡು ಮೂರು ಉಸಿರು ಎಳೆದು ತೆಗೆದುಬಿಟ್ಟ.

"ಗಟ್ಟಿ ಐತೆ. ಗಾಳಿ ಬತ್ತಾ ಇಲ್ಲ."

ಮಾರುವವನು ಪಕ್ಕದ ತಿರುಪನ್ನು ಸಡಿಲ ಮಾಡಿ ಕೊಟ್ಟ. ಮತ್ತೂ ಗಟ್ಟಿ. ಎರಡನೆಯ ರೆಗ್ಯುಲೇಟರು ತಂದ. ಅದೂ ಗಟ್ಟಿ ಎಂದ ಅಪ್ಪ. ನನಗೆ ಒಳಗೊಳಗೆ ಗೆಲುವು. ನೋಡಿದೆಯಾ, ನನ್ನೊಬ್ಬಳನ್ನಾದರೆ ಯಾಮಾರಿಸುತ್ತಿದ್ದೆ, ಅಪ್ಪನ ಮುಂದೆ ನಡೆಯಲಿಲ್ಲ ಎಂಬಂತೆ ಅವನ ಮುಖ ನೋಡಿದೆ. ಹೊಸದೊಂದು ತರಿಸಿಡುತ್ತೇನೆ, ಮುಂದಿನ ತಿಂಗಳು ಬನ್ನಿ ಎಂದ.

ಆ ತಿಂಗಳೆಲ್ಲ ಅಪ್ಪ ಅದೇ ವಿಷಯ ಎತ್ತುತ್ತಿದ್ದ. ಒಸದು ಬಂತಂತಾ, ಫೋನ್ ಮಾಡು, ಕೇಳು ಎಂದು ಪೀಡಿಸಿದ. ಮಗಳ ಜೀವದ ಮೇಲೆ ಎಷ್ಟು ಕಾಳಜಿ ಎಂದು ನನಗೆ ಹೆಮ್ಮೆ.

ಮತ್ತೆ ಹೋದೆವು. ಅವನು ನಮ್ಮ ಕಣ್ಣೆದುರಿಗೇ ಪ್ಯಾಕು ಬಿಚ್ಚಿದ. ಅಪ್ಪ ಬಾಯಿಗಿಟ್ಟುಕೊಂಡ, ಎಳೆದ, ಕೆಮ್ಮಿದ, ಮತ್ತೆ ಎಳೆದ. ತೆಗೆದು ಟವೆಲಿನಲ್ಲಿ ಬಾಯಿ ಒರೆಸಿಕೊಂಡ.

"ಇದೂ ಗಟ್ಟಿ," ಎಂದ. ಈ ಸಲ ಧ್ವನಿಯಲ್ಲಿ ಜೋರಿರಲಿಲ್ಲ.

ನನಗೆ ಎಲ್ಲಿತ್ತೋ ಸಿಟ್ಟು. ಮೂರೂ ಕೆಟ್ಟ ಮಾಲು ಇಟ್ಟುಕೊಂಡು ಜನರ ಜೀವದ ಜೊತೆ ಆಡುತ್ತೀರಾ, ಕಂಪ್ಲೇಂಟ್ ಕೊಡುತ್ತೇನೆ ಎಂದೆಲ್ಲ ಕೂಗಾಡಿದೆ. ಅವನು ತಿರುಗಿ ಕೂಗಲಿಲ್ಲ. ಮೂರನ್ನೂ ನನ್ನ ಮುಂದೆ ಸಾಲಾಗಿ ಇಟ್ಟ.

"ಮೂರೂ ಕೆಟ್ಟೋಗಾಕೆ ಎಂಗಾಯ್ತದೆ ಮೇಡಂ? ನೀವೇ ಇನ್ನೊಂದ್ ಸಲ ಎಳೀರಿ. ನಿಧಾನವಾಗಿ."

ಎಳೆದೆ. ಮೊದಲನೆಯದರಲ್ಲಿ ಗಾಳಿ ತಾನಾಗಿ ಬಂದು ಎದೆ ತುಂಬಿತು. ಎರಡನೆಯದರಲ್ಲೂ ಬಂತು. ಹೊಸದಂತೂ ಕೇಳುವುದೇ ಬೇಡ. ನಾನು ಅದನ್ನು ಬಾಯಿಂದ ತೆಗೆದಾಗ ಅವನು ನನ್ನನ್ನು ನೋಡುತ್ತಿರಲಿಲ್ಲ, ಅಪ್ಪನನ್ನು ನೋಡುತ್ತಿದ್ದ. ನಾನೂ ನೋಡಿದೆ. ಅಪ್ಪ ಮೋಡದ ಬಣ್ಣದ ಗೋಡೆಗೆ ಒರಗಿ ಕೂತಿದ್ದ. ಒಂದೊಂದು ಉಸಿರಿಗೂ ಕತ್ತಿನ ಕೆಳಗಿನ ಗುಳಿ ಒಳಕ್ಕೆ ಹೋಗುತ್ತಿತ್ತು, ಭುಜಗಳೆರಡೂ ಮೇಲೇಳುತ್ತಿದ್ದವು. ಗಣಿ ಬಿಟ್ಟಾಗ ಎದೆಯ ಫೋಟೋ ತೆಗೆಸಿದ್ದರು, ಕಲ್ಲಿನ ಧೂಳು ಕೂತು ಎದೆ ಕೆಡುವ ಕಾಯಿಲೆ ತನಗಿಲ್ಲವಂತೆ ಎಂದು ಹೇಳಿದ್ದ. ಅದಾದ ಮೇಲೆ ನಾನು ಕೇಳಿರಲಿಲ್ಲ, ಅವನೂ ತೋರಿಸಿಕೊಂಡಿರಲಿಲ್ಲ. ಮಂಡಿ ನೋವಿಲ್ಲದವನು ಸೇತುವೆಯ ಮೇಲೆ ಯಾಕೆ ನಿಲ್ಲುತ್ತಾನೆ ಎಂಬುದು ಟಿಕೆಟಿಲ್ಲದವರ ಸಾವಿರ ನೆಪ ಕಂಡ ನನಗೆ ಅಲ್ಲಿ, ಆಗ, ಹೊಳೆಯಿತು. ಭಯವಾಯಿತು.

"ಮೊದಲನೇದೇ ಕೊಡಿ," ಎಂದೆ. ಅಪ್ಪ ಬೇಡ ಎನ್ನಲಿಲ್ಲ.

ಸಾಮಾನಿನ ಚೀಲ ಹೊತ್ತು ಸ್ಟೇಷನ್ನಿಗೆ ಬಂದೆವು. ಸೇತುವೆಯನ್ನು ನಾನು ಅವನ ಹಿಂದೆ ಹತ್ತಿದೆ, ಅವನು ನಿಂತಲ್ಲೆಲ್ಲ ನಿಂತೆ, ಗೂಡ್ಸ್ ಗಾಡಿ ಇರಲಿಲ್ಲ. ಕೆ.ಜಿ.ಎಫ್. ಗಾಡಿಗೆ ಇನ್ನೂ ಹೊತ್ತಿತ್ತು. ಪ್ಲಾಟ್‌ಫಾರಂ ಬೆಂಚಿನಲ್ಲಿ ಕೂತ ಮೇಲೆ ತಡೆಯಲಾಗಲಿಲ್ಲ.

"ಇಷ್ಟು ದಿನ ಯಾಕೆ ಮುಚ್ಚಿಟ್ಟೆ? ನನಗೂ ಸುಳ್ಳು ಹೇಳ್ತೀಯಾ?" ಎಂದೆ. ಅಕ್ಕಪಕ್ಕದವರು ತಿರುಗಿ ನೋಡುವಷ್ಟು ಜೋರಾಗಿಯೇ ಎಂದೆ. ನಾಳೆಯೇ ಬೆಂಗಳೂರಿನ ಆಸ್ಪತ್ರೆಗೆ ಹೋಗಬೇಕು ಎಂದೂ ಹೇಳಿದೆ. ಅಪ್ಪ ಹಳಿಗಳನ್ನೇ ನೋಡುತ್ತಾ ಕೂತ.

"ಸುಳ್ಳಲ್ಲ ಕಣಮ್ಮಾ," ಎಂದ, ಮಾತು ಮಾತಿಗೂ ಉಸಿರು ತಗೊಂಡು. "ವಯಸ್ಸಾಯ್ತಲ್ಲ, ಅದ್ಕೇ ಇಂಗೆ ಅಂತ ಅಂದ್ಕೊಂಡಿದ್ದೆ. ಮೊದ್ಲನೇದು ಎಳ್ದಾಗ ಡೌಟು ಬಂತು. ಅದು ಕೆಟ್ಟೈತೋ ನಾನು ಕೆಟ್ಟಿದೀನೋ ಒಂದ್ರಲ್ಲಿ ಎಂಗೆ ಗೊತ್ತಾಗ್ತದೆ? ಅದ್ಕೇ ಇನ್ನೊಂದು ನೋಡ್ದೆ."

ಟವೆಲನ್ನು ಮಡಿಚಿ ಭುಜಕ್ಕೆ ಹಾಕಿಕೊಂಡು ಹೇಳಿದ:

"ಇವತ್ತು ಬರೋವಾಗ ದಾರಿ ಉದ್ದಕ್ಕೂ ಒಂದೇ ಅನ್ಕೋತಾ ಬಂದೆ. ಇದೂ ಕೆಟ್ಟಿರ್ಲಪ್ಪಾ ಅಂತ."