ಎರಡನೆಯ ತೊಟ್ಟಿಲು

ನಾದಿನಿ ಬಾಣಂತನಕ್ಕೆ ತವರಿಗೆ, ಎಂದರೆ ಮಾನ್ವಿಯ ನಮ್ಮ ಮನೆಗೆ ಬಂದಿದ್ದಳು. ಕೂಸಿಗೆ ತವರಿನ ತೊಟ್ಟಿಲು ಕೊಡಬೇಕಲ್ಲ, ರಾಯಚೂರಿನ ಅಂಗಡಿಯೊಂದರಿಂದ ನಾನೇ ಫೋನಿನಲ್ಲಿ ತರಿಸಿದೆ. ಮಕ್ಕಳಾಗದವಳ ಕೈಯಿಂದ ಯಾಕೆ ತರಿಸುತ್ತೀರಿ ಎಂದು ಓಣಿಯಲ್ಲಿ ಯಾರೋ ಅತ್ತೆಯ ಕಿವಿ ಊದಿದ್ದು ನನಗೂ ಗೊತ್ತಾಗಿತ್ತು. ಅದಕ್ಕೇ ಹಟ ಹಿಡಿದೆ. ಬೇಡ ಎಂದದ್ದನ್ನೇ ಮೊದಲು ಮಾಡುವ ಜಾತಿಯವಳು ನಾನು.

ತೊಟ್ಟಿಲು ಬಂತು. ಮರುದಿನ ಇನ್ನೊಂದು ಬಂತು. ಅದೇ ಪೆಟ್ಟಿಗೆ, ಮೇಲೆ ನನ್ನದೇ ಹೆಸರು. ನಾನು ಪಾಠ ಮಾಡಲು ಕುರ್ಡಿಯ ಶಾಲೆಗೆ ಹೋಗಿದ್ದೆ, ಅತ್ತೆ ಇಳಿಸಿಕೊಂಡಿದ್ದರು. ಸಂಜೆ ನೋಡಿದವಳೇ ಅಂಗಡಿಗೆ ಫೋನ್ ಹಚ್ಚಿದೆ. ದೇವದುರ್ಗದ ಮನೆಯೊಂದಕ್ಕೆ ಹೋಗಬೇಕಾದ ತೊಟ್ಟಿಲಿಗೆ ಅವರು ನಮ್ಮ ವಿಳಾಸವನ್ನೇ ಮತ್ತೊಮ್ಮೆ ಅಂಟಿಸಿಬಿಟ್ಟಿದ್ದರು. ಅಲ್ಲಿ ನಾಡಿದ್ದೇ ಕೂಸಿಗೆ ಹೆಸರಿಡುವುದಂತೆ. ನಾಳೆ ಗಾಡಿ ಬರುತ್ತದೆ, ಪೆಟ್ಟಿಗೆ ಬಿಚ್ಚದೆ ಹಾಗೇ ಇಡಿ ಎಂದು ಬೇಡಿಕೊಂಡರು. ಆಗಲಿ ಎಂದೆ. ನಮ್ಮದಲ್ಲದ್ದನ್ನು ಇಟ್ಟುಕೊಂಡು ಏನು ಮಾಡುವುದಿದೆ?

ಫೋನಿಟ್ಟು ತಿರುಗಿದರೆ ಅತ್ತೆ ದೇವರ ಕೋಣೆಯಿಂದ ಹೊರಗೆ ಬರುತ್ತಿದ್ದರು. ಮುಖ ಅರಳಿತ್ತು. ಹತ್ತಿರ ಬಂದು ನನ್ನ ಗಲ್ಲ ಸವರಿದರು.

"ಬಾಯಿಲೆ ಹೇಳಾಕ ನಾಚಿಕಿ ಬಂತೇನ್ ಬೇ? ಎಷ್ಟು ತಿಂಗಳು?"

ಒಂದು ಕ್ಷಣ ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ಎರಡನೆಯ ತೊಟ್ಟಿಲನ್ನು ನಾನೇ, ನನಗಾಗಿಯೇ ತರಿಸಿದ್ದೇನೆ ಎಂದುಕೊಂಡಿದ್ದರು. ಅಂಗಡಿಯವರ ತಪ್ಪು ಎಂದು ಬಿಡಿಸಿ ಹೇಳಿದೆ. ಸುಮ್ಮನೆ ನಕ್ಕರು. ಮೂರು ತಿಂಗಳು ತುಂಬುವ ತನಕ ಯಾರೂ ಬಾಯಿ ಬಿಡುವುದಿಲ್ಲ ಎಂಬುದು ಅವರಿಗೆ ಗೊತ್ತಿಲ್ಲದ್ದೇ?

ಮಕ್ಕಳಾಗುವುದಿಲ್ಲ ಎಂದು ರಾಯಚೂರಿನ ಡಾಕ್ಟರು ನಮಗೆ ಬಹಳ ಹಿಂದೆಯೇ ಹೇಳಿದ್ದರು. ಕೊರತೆ ನನ್ನಲ್ಲಿರಲಿಲ್ಲ. ಅದು ನನಗೆ ಮತ್ತು ನನ್ನ ಗಂಡನಿಗೆ ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ. ಉಪವಾಸ, ನೀರಮಾನ್ವಿ ಎಲ್ಲವ್ವನ ಹರಕೆ, ಉಡಿ ತುಂಬಿಸಿಕೊಳ್ಳುವುದು ಎಲ್ಲ ನನ್ನ ಪಾಲಿಗೇ ಬಂದಿತ್ತು.

ಮರುದಿನ ಶಾಲೆಯಿಂದ ಬಂದರೆ ತೊಟ್ಟಿಲು ನಮ್ಮ ಕೋಣೆಯಲ್ಲಿ ನಿಂತಿತ್ತು. ಪೆಟ್ಟಿಗೆ ಹರಿದು ಮೂಲೆಗೆ ಬಿದ್ದಿತ್ತು. ಕಂಬಿಗೆ ವಿಭೂತಿ ಬಳಿದಿದ್ದರು. ಒಳಗೆ ನನ್ನದೇ ಹಳೆ ಸೀರೆಯ ತುಂಡಿನಲ್ಲಿ ಸುತ್ತಿದ ರುಬ್ಬುಗುಂಡು ಮಲಗಿತ್ತು. ಖಾಲಿ ತೊಟ್ಟಿಲು ತೂಗಬಾರದೆಂದು ನಮ್ಮಲ್ಲಿ ಕೂಸಿಗಿಂತ ಮೊದಲು ಗುಂಡನ್ನು ಮಲಗಿಸುತ್ತಾರೆ. ಅತ್ತೆ ಅದನ್ನು ಮೆಲ್ಲಗೆ ತೂಗುತ್ತಿದ್ದರು.

ಗಾಡಿಯವನು ಬಸ್ ನಿಲ್ದಾಣದ ಹತ್ತಿರ ಇದ್ದೇನೆ ಎಂದು ಫೋನ್ ಮಾಡಿದ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಪಾಳಿ ಮುಗಿಸಿ ಬಂದಿದ್ದ ಗಂಡ ಬಾಗಿಲಲ್ಲೇ ನಿಂತಿದ್ದರು. ನೀವಾದರೂ ಹೇಳಿ ಎಂದೆ. ಇರಲಿ ಬಿಡು, ದೇವದುರ್ಗದವರಿಗೆ ಅಂಗಡಿಯವರು ಬೇರೆ ಕಳಿಸುತ್ತಾರೆ ಎಂದು ಗೋಡೆ ನೋಡುತ್ತ ಗೊಣಗಿದರು. ಆ ಹೊತ್ತಿಗೆ ಅವರ ಮೇಲೆ ಬಂದಷ್ಟು ಸಿಟ್ಟು ನನಗೆ ಯಾರ ಮೇಲೂ ಬಂದಿಲ್ಲ. ದಿನವೂ ಆ ತೊಟ್ಟಿಲಿನ ಪಕ್ಕ ಮಲಗಿ ಏಳಬೇಕಾದವಳು ನಾನು.

ಫೋನಿನ ಮಾತು ಕೇಳಿ ಅತ್ತೆಗೆ ಅಷ್ಟರಲ್ಲಿ ನನ್ನ ಮಾತು ನಿಜವೆಂದು ತಿಳಿದಿತ್ತು. ಆದರೂ ಸೋಲಲಿಲ್ಲ.

"ಅಂಗಡ್ಯಾಂವ ತಪ್ಪು ಮಾಡಿರಬೌದು. ನೀರಮಾನ್ವಿ ಎಲ್ಲವ್ವ ತಪ್ಪು ಮಾಡಾಂಗಿಲ್ಲ."

ಗಾಡಿಯವನು ಬಂದು ಅಂಗಳದಲ್ಲಿ ನಿಂತ. ಬೇಗ ಕೊಡಿ, ದೇವದುರ್ಗ ಮುಟ್ಟಬೇಕು ಎಂದ. ಅತ್ತೆ ಕೋಣೆಯ ಬಾಗಿಲಿಗೆ ಅಡ್ಡ ನಿಂತರು. ಬಂದ ತೊಟ್ಟಿಲು ಖಾಲಿ ತಿರುಗಿ ಹೋದರೆ ಈಕೆಯ ಉಡಿ ಇನ್ನೆಂದೂ ತುಂಬುವುದಿಲ್ಲ ಎಂದು ಆ ಪರಕೀಯನ ಮುಂದೆ, ನನ್ನತ್ತ ಬೆರಳು ಮಾಡಿ ಹೇಳಿದರು. ಅವನು ತಲೆ ಕೆಳಗೆ ಹಾಕಿದ. ನಾನು ಗಂಡನನ್ನು ನೋಡಿದೆ. ಕಣ್ಣು ಕೀಳದೆ ನೋಡಿದೆ. ಇವರು ಇವತ್ತೂ ಸುಮ್ಮನಿದ್ದರೆ ನಾನು ಈ ಮನೆಯಲ್ಲಿ ಇರುವುದಿಲ್ಲ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದೆ.

ಅವರು ತಾಯಿಯ ಮುಂದೆ ಬಂದು ನಿಂತರು.

"ಯವ್ವಾ, ಬಿಡು. ಕೊರತಿ ಅಕೀದಲ್ಲ. ನಂದು."

ಆಮೇಲೆ ಒಳಗೆ ಹೋಗಿ ಗುಂಡನ್ನು ಎತ್ತಿಟ್ಟರು. ತೊಟ್ಟಿಲನ್ನು ಮಡಚಿ, ವಿಭೂತಿಯನ್ನು ಅಂಗಿಯ ತೋಳಿನಿಂದ ಒರೆಸಿ, ಹರಿದ ಪೆಟ್ಟಿಗೆಗೆ ಹಗ್ಗ ಕಟ್ಟಿ ತಾವೇ ಗಾಡಿಗೆ ಏರಿಸಿದರು. ಗಾಡಿ ಹೋಯಿತು. ಅತ್ತೆ ಹೊಸ್ತಿಲ ಬಳಿ ಕುಸಿದು ಕುಳಿತಿದ್ದರು. ಮಗನ ಕಡೆಗೆ ತಿರುಗಿಯೂ ನೋಡಲಿಲ್ಲ. ನನ್ನನ್ನೇ ಕೇಳಿದರು.

"ಇಷ್ಟು ವರ್ಷ ನಿನಗ ನಾ ಏನೇನ್ ಅಂದೆ. ಒಂದ್ ಸಲನಾರ ಹೇಳಬಾರದಿತ್ತೇನ್ ಬೇ?"

ಒಳಬಂದ ಗಂಡ ನನ್ನತ್ತ ನೋಡಿದರು. ಇದೊಂದನ್ನು ಮುಚ್ಚು ಎಂದು ಆ ಕಣ್ಣು ಬೇಡುತ್ತಿತ್ತು. ಮುಚ್ಚಿ ಮುಚ್ಚಿ ನನಗೆ ಸಾಕಾಗಿತ್ತು.

"ಹೇಳಾಂಗಿಲ್ಲಂತ ಇವ್ರು ನಿಮ್ಮ ಮ್ಯಾಲೆ ಆಣಿ ಹಾಕಿಸ್ಕೊಂಡಿದ್ರು, ಅತ್ತೀ" ಎಂದೆ.