ಅಕ್ಕನ ಸಹಿ

ಎಲ್ಲರೂ ಅವನನ್ನು ಕರೆಯುತ್ತಿದ್ದುದು ‘ಷರತ್ತು ಮೇಸ್ತ್ರಿ’ ಎಂದೇ. ಕಾರಿನ ಇಂಜಿನ್ನಿಗೆ ಬುದ್ಧಿ ಹೇಳುವ ಪುಟ್ಟ ಕಂಪ್ಯೂಟರ್ ಒಂದಿರುತ್ತದಲ್ಲ, ಅದಕ್ಕೆ ಲ್ಯಾಪ್‌ಟಾಪ್ ಜೋಡಿಸಿ, ಯಾವಾಗ ಎಷ್ಟು ಡೀಸೆಲ್ ಕುಡಿಯಬೇಕೆಂಬ ಲೆಕ್ಕವನ್ನೇ ತಿದ್ದಿ ಬರೆಯುವುದು ಅವನ ಕಸುಬು. ರೀಮ್ಯಾಪಿಂಗ್ ಅನ್ನುತ್ತಾರೆ. ಬೇರೆಯವರಾದರೆ ಅರ್ಧ ಗಂಟೆಯಲ್ಲಿ ಮುಗಿಸಿ ಕೈತೊಳೆದುಕೊಳ್ಳುತ್ತಾರೆ. ಈ ಪುಣ್ಯಾತ್ಮ ಮೊದಲು ಒಂದು ಹಾಳೆ ಹಿಡಿದು ನಿಲ್ಲುತ್ತಿದ್ದ. ಎಡಗಡೆ ಲಾಭ: ಏರಿನಲ್ಲಿ ಗಾಡಿ ಏದುಸಿರು ಬಿಡುವುದಿಲ್ಲ, ಲಾರಿ ಹಿಂದಿಕ್ಕಲು ಒದ್ದಾಡಬೇಕಿಲ್ಲ, ಹದವಾಗಿ ಓಡಿಸಿದರೆ ಮೈಲೇಜೂ ತುಸು ಏರೀತು. ಬಲಗಡೆ ನಷ್ಟ: ಕ್ಲಚ್ ಬೇಗ ಸವೆಯುತ್ತದೆ, ಟರ್ಬೊ ವಿಪರೀತ ಬಿಸಿಯಾಗುತ್ತದೆ, ವಾರಂಟಿ ಹೋದಂತೆಯೇ, ಹೇಳದೆ ಮಾಡಿದರೆ ವಿಮೆಯವರೂ ಕೈಯೆತ್ತಬಹುದು. ಕೊನೆಯ ಸಾಲು ಕೆಂಪು ಶಾಯಿಯಲ್ಲಿ: ‘ಕಾಲು ಸೋಕಿದರೆ ಗಾಡಿ ಹಾರುತ್ತದೆ.’ ಆ ಗಾಡಿ ಓಡಿಸುವ ಮನೆಮಂದಿಯೆಲ್ಲ ಬಂದು, ಕೇಳಿ, ಸಹಿ ಹಾಕಿದ ಮೇಲೆಯೇ ಕೆಲಸ. ಹೆಂಡತಿಯ ಸಹಿ ತರುತ್ತೇನೆಂದು ಹೋದ ಎಷ್ಟೋ ಗಂಡಂದಿರು ಮತ್ತೆ ಈ ಕಡೆ ತಲೆ ಹಾಕಿಲ್ಲ.

ಅಂಥವನು ಒಂದೇ ಒಂದು ಸಲ ಜಾರಿದ. ಅದೂ ಭಾವನ ವಿಷಯದಲ್ಲಿ.

“ನಿಮ್ಮಕ್ಕಂಗೆ ಇದನ್ನ ಓದಿ ಹೇಳಿದ್ರೆ ಮುಗೀತು ಕತೆ” ಎಂದಿದ್ದರು ಭಾವ. “ಅವಳು ಗಾಡಿ ಓಡಿಸೋದಾದ್ರೂ ಎಷ್ಟು? ಅವಳ ಸೈನ್ ನಾನೇ ಹಾಕ್ತೀನಿ, ಕೊಡು ಇಲ್ಲಿ.” ಅವನಿಗೆ ಸ್ಪ್ಯಾನರ್ ಹಿಡಿಯಲು ಕಲಿಸಿದ್ದೇ ಭಾವ. ಬೇಡ ಎನ್ನಲಾರದೆ ಹಾಳೆ ಕೊಟ್ಟ, ಗಾಡಿಯ ಲೆಕ್ಕವನ್ನೂ ತಿದ್ದಿದ.

ಹತ್ತು ದಿನ ಕಳೆದಿತ್ತು. ಬೆಳಿಗ್ಗೆ ಭಾವನ ಫೋನು.

“ನನ್ನ ಸೊಂಟ ಹಿಡ್ಕೊಂಡಿದೆ ಕಣಪ್ಪ. ನಿಮ್ಮಮ್ಮಂಗೆ ಇವತ್ತು ಕಣ್ಣಿನ ಆಪರೇಷನ್ ಅಲ್ವಾ? ನಿಮ್ಮಕ್ಕನೇ ಕಾರು ತಗೊಂಡು ಹೋದ್ಲು.”

“ಹೇಳಿದ್ರಾ ಅವಳಿಗೆ?”

ಭಾವ ಫೋನ್ ಇಟ್ಟುಬಿಟ್ಟರು.

ಅಕ್ಕ ಸ್ಟಿಯರಿಂಗ್ ಹಿಡಿದದ್ದೇ ನಲವತ್ತೆರಡನೇ ವಯಸ್ಸಿನಲ್ಲಿ. ಏರು ಕಂಡರೆ ಗಾಡಿ ಹಿಂದಕ್ಕೆ ಜಾರೀತೆಂಬ ಭಯಕ್ಕೆ ಆಕ್ಸಿಲರೇಟರನ್ನು ಅದುಮಿಬಿಡುತ್ತಾಳೆ. ಆಸ್ಪತ್ರೆಯ ಬಾಗಿಲಿಗೆ ಇರುವುದೇ ಏರು. ಏರಿನ ತುದಿಯಲ್ಲಿ ಗಾಲಿಕುರ್ಚಿಗಳ ಸಾಲು. ಫೋನ್ ಮಾಡೋಣವೆಂದರೆ ಅವಳು ಒಂದು ಕೈ ಬಿಟ್ಟು ಬ್ಯಾಗ್ ತಡಕುತ್ತಾಳೆ. ಮಾಡದಿದ್ದರೆ? ಅಯ್ಯೋ, ಎಂಥ ಕೆಲಸ ಮಾಡಿಬಿಟ್ಟೆ! ಸಹಿಯ ಹಾಳೆಯನ್ನು ಯಾಕೆ ಜೇಬಿಗೆ ತುರುಕಿಕೊಂಡನೋ ಅವನಿಗೇ ಗೊತ್ತಿಲ್ಲ; ಸ್ಕೂಟರ್ ಹತ್ತಿ ಆಸ್ಪತ್ರೆಗೆ ಓಡಿದ. ದಾರಿಯುದ್ದಕ್ಕೂ, ಗುಂಪು ಸೇರಿದ ಕಡೆಯೆಲ್ಲ ಅಕ್ಕನ ಕಾರಿದೆಯೇ ಎಂದು ಇಣುಕಿದ.

ಗೇಟಿನ ಹತ್ತಿರ ಇಳಿಯುವಷ್ಟರಲ್ಲಿ ಅಕ್ಕನ ಬೂದುಬಣ್ಣದ ಕಾರು ಏರಿಗೆ ತಿರುಗಿತು. “ಅಕ್ಕಾ, ನಿಲ್ಸು!” ಎಂದು ಕಿರುಚಿದ. ಕೇಳಬೇಕಲ್ಲ! ಕಾರು ಒಮ್ಮೆ ಗುರ್ ಎಂದದ್ದೇ ಮುಂದಕ್ಕೆ ನೆಗೆದು, ಪಕ್ಕದ ಕಬ್ಬಿಣದ ಕಂಬಿಗೆ ಬಡಿದು ನಿಂತಿತು. ಗಾಲಿಕುರ್ಚಿಗಳಿಗೂ ಅದಕ್ಕೂ ನಾಲ್ಕು ಹೆಜ್ಜೆ ಇತ್ತು.

ಹೆಡ್‌ಲೈಟ್ ಪುಡಿಯಾಗಿತ್ತು. ಅಮ್ಮನಿಗೆ ಏನೂ ಆಗಿರಲಿಲ್ಲ. ಅಕ್ಕ ಇನ್ನೂ ಸ್ಟಿಯರಿಂಗ್ ಬಿಟ್ಟಿರಲಿಲ್ಲ.

“ನನ್ನದೇ ತಪ್ಪು ಕಣೋ. ನಿಮ್ಮ ಭಾವ ಹೇಳೋದು ಸರಿ, ನನಗೆ ಡ್ರೈವಿಂಗ್ ಬರಲ್ಲ. ಇನ್ನು ಸಾಯೋವರೆಗೂ ಇದನ್ನ ಮುಟ್ಟಲ್ಲ.”

ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಭಾವನ ಮರ್ಯಾದೆ, ತನ್ನ ಮರ್ಯಾದೆ ಎರಡೂ ಉಳಿಯುತ್ತಿದ್ದವು. ಅವನು ಅಮ್ಮನನ್ನು ಒಳಗೆ ಕೂರಿಸಿ ಬಂದು, ಹಾಳೆ ತೆಗೆದು, ಕಾರಿನ ಕಿಟಕಿಗೆ ಬಗ್ಗಿ ಓದತೊಡಗಿದ. ಕೆಂಪು ಸಾಲನ್ನು ಎರಡು ಸಲ ಓದಿದ.

ಅಕ್ಕ ಹಾಳೆ ಕಿತ್ತುಕೊಂಡು ಕೆಳಗಿನ ಸಹಿಗಳನ್ನು ನೋಡಿದಳು.

“ಇದು ನಾನು ಹಾಕಿದ್ದಲ್ಲ.”

“ಅಲ್ಲ.”

“ನಿನ್ನ ಎದುರಿಗೇ ಹಾಕಿದ್ರಾ?”

“ಹೌದಕ್ಕ.”

ಅವಳು ಹಾಳೆಯನ್ನು ನಾಲ್ಕಾಗಿ ಮಡಚಿದಳು.

“ಗಾಡೀದು ಹಳೇ ಲೆಕ್ಕ ಇಟ್ಟಿದ್ದೀಯಾ?”

“ಇದೆ.”

“ಸಂಜೆ ಗಾಡಿ ತರ್ತೀನಿ. ನಾನೇ ಓಡಿಸ್ಕೊಂಡು ಬರ್ತೀನಿ, ನೀನು ಪಕ್ಕದಲ್ಲಿ ಕೂತ್ಕೋ. ಹಳೇದನ್ನೇ ವಾಪಸ್ ಬರಿ.” ಬೀಗದ ಕೈ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಹೊಸ ಹಾಳೇನೂ ತಾ. ನಿಮ್ಮ ಭಾವನ ಸೈನ್ ನಾನೇ ಹಾಕ್ತೀನಿ.”